ಕ್ಲೈಂಟ್ ಬಂದು "ನಾನು ಸಾಯ್ಬೇಕು" ಅಂದ್ರೆ ಏನ್ ಮಾಡ್ತೀರಾ? ಕೌನ್ಸೆಲರ್ ಇಂಟರ್ವ್ಯೂನಲ್ಲಿ ಉತ್ತರ ಕೊಡೋದು ಹೀಗೆ

ಕಾಲೇಜು, ಆಸ್ಪತ್ರೆ, ಹೆಲ್ಪ್‌ಲೈನ್, ಎಲ್ಲೇ ಕೌನ್ಸೆಲರ್ ಕೆಲಸಕ್ಕೆ ಹೋಗಿ, "ಒಬ್ಳು ಹುಡುಗಿ ಬಂದು ನಂಗೆ ಬದುಕೋದೇ ಬೇಡ ಅಂದ್ರೆ ಏನ್ ಮಾಡ್ತೀರಾ?" ಅನ್ನೋ ಪ್ರಶ್ನೆ ಬರುತ್ತೆ ಅಂತಾನೇ ತಯಾರಾಗಿ. ಎಂಎಸ್‌ಡಬ್ಲ್ಯೂ, ಸೈಕಾಲಜಿ ಮುಗಿಸಿದೋರು ಎಷ್ಟೋ ಜನ "ಧೈರ್ಯ ಹೇಳ್ತೀನಿ, ಜೀವನ ಎಷ್ಟು ದೊಡ್ಡದು ಅಂತ ತಿಳಿಸ್ತೀನಿ" ಅಂತ ಶುರು ಮಾಡ್ತಾರೆ. ಪ್ಯಾನೆಲ್‌ನೋರು ಕಾಯ್ತಿರೋದು ಬೇರೆ ಮಾತಿಗೆ. ಆ ಹುಡುಗಿ ರೂಮಿಂದ ಎದ್ದು ಹೋಗೋ ಮುಂಚೆ ನೀವು ಏನ್ ಕೇಳಿರ್ತೀರಾ, ಯಾರಿಗೆ ತಿಳಿಸಿರ್ತೀರಾ, ಅವಳು ಯಾರ ಜೊತೆ ಹೋಗ್ತಾಳೆ, ಅದನ್ನ ಸಾಲಾಗಿ ಹೇಳಿ.

ಮೊದಲು, ನೇರವಾಗಿ ಕೇಳ್ತೀನಿ ಅನ್ನಿ. ಕೇಳಿದ್ರೆ ಇಲ್ಲದ ಯೋಚನೆ ನಾವೇ ತಲೆಗೆ ಹಾಕ್ದಂಗೆ ಆಗುತ್ತೆ ಅಂತ ತುಂಬಾ ಜನಕ್ಕೆ ಭಯ, ಆದ್ರೆ ಸಂಶೋಧನೆಗಳು ಹಾಗೆ ಹೇಳಲ್ಲ, ಕೇಳಿದ್ಮೇಲೆ ಮನಸ್ಸು ಹಗುರ ಆಗೋರೂ ಇದ್ದಾರೆ. ಈ ಪ್ರಶ್ನೆನ ಮನೇಲಿ ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡ್ಕೊಳ್ಳಿ, ಯಾಕಂದ್ರೆ ಕ್ಲಾಸಲ್ಲಿ ಎಲ್ಲಾ ಇಂಗ್ಲಿಷಲ್ಲಿ ಓದಿರ್ತೀವಿ, ಪ್ಯಾನೆಲ್‌ನೋರು "ಕನ್ನಡದಲ್ಲೇ ಕೇಳಿ ತೋರ್ಸಿ" ಅಂದ್ರೆ ನಾಲಿಗೆ ತಡವರಿಸುತ್ತೆ. ಪಿಯುಸಿ ಹುಡುಗಿಗೆ "ಸಾಯ್ಬೇಕು ಅಂತ ಯೋಚನೆ ಬರ್ತಿದ್ಯಾಮ್ಮಾ?" ಅಂತ, ಸಾಲದಲ್ಲಿರೋ ವಯಸ್ಸಾದ ರೈತರಿಗೆ "ಯಜಮಾನ್ರೇ, ಇಷ್ಟೆಲ್ಲಾ ನೋವಲ್ಲಿ ಜೀವ ಕಳ್ಕೊಬೇಕು ಅಂತ ಏನಾದ್ರೂ ಅನ್ನಿಸಿದ್ಯಾ?" ಅಂತ ಕೇಳಿ. "ಅಂಥದ್ದೇನೂ ಮಾಡ್ಕೊಳ್ಳಲ್ಲ ಅಲ್ವಾ?" ಅಂತ ಮಾತ್ರ ಕೇಳ್ಬೇಡಿ, ಹಾಗೆ ಕೇಳಿದ್ರೆ ಯಾರಾದ್ರೂ "ಇಲ್ಲ" ಅಂತಾನೇ ಅಂತಾರೆ.

ಆಮೇಲೆ ರಿಸ್ಕ್ ಎಷ್ಟಿದೆ ಅಂತ ಹೇಗೆ ನೋಡ್ತೀರಾ ಅನ್ನೋದು. "ದೇವ್ರು ನನ್ನ ಕರ್ಕೊಂಡ್ರೆ ಸಾಕಪ್ಪಾ" ಅನ್ನೋದಕ್ಕೂ, ದಿನ, ದಾರಿ ಎಲ್ಲಾ ಯೋಚಿಸಿಟ್ಕೊಂಡು ಬಂದಿರೋದಕ್ಕೂ ವ್ಯತ್ಯಾಸ ಇದೆ, ಎರಡನ್ನೂ ಹಗುರವಾಗಿ ತಗೋಬಾರ್ದು. ಪ್ಲಾನ್ ಇದ್ಯಾ, ಅದಕ್ಕೆ ಬೇಕಾದ್ದು ಕೈಗೆ ಸಿಗೋ ಹಾಗಿದ್ಯಾ, ಮುಂಚೆ ಪ್ರಯತ್ನ ಮಾಡಿದ್ರಾ, ಕುಡಿತ ಇದ್ಯಾ, ಇವತ್ತಿನವರೆಗೂ ಅವರನ್ನ ತಡೆದಿರೋದು ಏನು, ಇದೆಲ್ಲಾ ಕೇಳ್ತೀನಿ ಅನ್ನಿ. ಆತ್ಮಹತ್ಯೆ ರಿಸ್ಕ್ ಅಳೆಯೋ ಪ್ರಶ್ನಾವಳಿ ಕೊಲಂಬಿಯಾ ಸ್ಕೇಲ್ ಹೆಸರು ಹೇಳೋದಾದ್ರೆ ಅದನ್ನ ಬಳಸಿ ಗೊತ್ತಿರ್ಬೇಕು, ಮುಂದಿನ ಪ್ರಶ್ನೆ ಅದರ ಬಗ್ಗೆನೇ ಬರಬಹುದು.

ಎಲ್ಲಕ್ಕಿಂತ ಕಷ್ಟದ್ದು, "ಅಪ್ಪ ಅಮ್ಮಂಗೆ ಹೇಳ್ಬೇಡಿ ಅಂತ ಕೈ ಮುಗಿದ್ರೆ?" ಯಾರಿಗೂ ಹೇಳಲ್ಲ ಅಂತ ಮಾತು ಕೊಡ್ತೀನಿ ಅಂದ್ರೂ ತಪ್ಪು, ತಕ್ಷಣ ಮನೆಗೆ ಫೋನ್ ಮಾಡ್ತೀನಿ ಅಂದ್ರೂ ತಪ್ಪು. ಮೊದಲ ಸೆಷನ್‌ನಲ್ಲೇ, ಜೀವಕ್ಕೆ ಅಪಾಯ ಇದ್ರೆ ಬೇರೆಯವರಿಗೆ ತಿಳಿಸ್ಬೇಕಾಗುತ್ತೆ ಅಂತ ಹೇಳಿರ್ತೀನಿ ಅನ್ನಿ. ಮಾನಸಿಕ ಆರೋಗ್ಯ ಕಾಯ್ದೆ 2017ರ 23ನೇ ಸೆಕ್ಷನ್ ಕೂಡ ಜೀವಾಪಾಯ ತಪ್ಪಿಸೋಕೆ ಎಷ್ಟು ಬೇಕೋ ಅಷ್ಟೇ ಮಾಹಿತಿ ಕೊಡೋಕೆ ಅವಕಾಶ ಕೊಡುತ್ತೆ. ಯಾರಿಗೆ ಹೇಳೋದು ಅಂತ ಆ ಹುಡುಗಿ ಜೊತೆನೇ ಕೂತು ತೀರ್ಮಾನ ಮಾಡಿ, ಯಾಕಂದ್ರೆ ಬೇರೆ ಜಾತಿ ಹುಡುಗನ್ನ ಪ್ರೀತಿಸಿದಾಳೆ ಅಂತ ಹೊಡೀತಿರೋ ಮನೆಗೇ ಫೋನ್ ಮಾಡಿದ್ರೆ ಅಪಾಯ ಹೆಚ್ಚಾಗುತ್ತೆ, ಅಲ್ಲಿ ಅಜ್ಜಿನೋ ಚಿಕ್ಕಮ್ಮನೋ ಬೇಕಾಗ್ಬಹುದು. 18 ವರ್ಷದೊಳಗಿನ ಮಗು ಲೈಂಗಿಕ ದೌರ್ಜನ್ಯದ ವಿಷಯ ಹೇಳಿದ್ರೆ ಪೋಕ್ಸೋ ಪ್ರಕಾರ ದೂರು ಕೊಡ್ಲೇಬೇಕು, ಅದನ್ನ ಮರೀಬೇಡಿ.

ಆತ್ಮಹತ್ಯೆ ಪ್ರಯತ್ನ ಮಾಡಿದೋರ ಮೇಲೆ ಕೇಸ್ ಆಗುತ್ತಾ ಅಂತಾನೂ ಕೇಳ್ತಾರೆ. ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್, ಅವರು ತೀವ್ರ ಒತ್ತಡದಲ್ಲಿದ್ರು ಅಂತಾನೇ ಭಾವಿಸ್ಬೇಕು, ಶಿಕ್ಷೆ ಬೇಡ ಅನ್ನುತ್ತೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಹಳೇ ಐಪಿಸಿಯಲ್ಲಿ ಇದಕ್ಕೆ ಶಿಕ್ಷೆ ಹೇಳ್ತಿದ್ದ 309ನೇ ಸೆಕ್ಷನ್ ಇಲ್ಲ, ಸರ್ಕಾರಿ ನೌಕರರನ್ನ ಮಣಿಸೋಕೆ ಅಂತ ಪ್ರಯತ್ನ ಮಾಡಿದ್ರೆ ಮಾತ್ರ 226ನೇ ಸೆಕ್ಷನ್ ಇದೆ.

"ಇನ್ಮೇಲೆ ಮಾಡ್ಕೊಳ್ಳಲ್ಲ ಅಂತ ಆಣೆ ಹಾಕಿಸ್ಕೊಳ್ತೀನಿ" ಅಂತ ದಯವಿಟ್ಟು ಹೇಳ್ಬೇಡಿ, ಆಣೆಯಿಂದ ಜೀವ ಉಳಿಯುತ್ತೆ ಅನ್ನೋಕೆ ಆಧಾರ ಇಲ್ಲ. ಸೇಫ್ಟಿ ಪ್ಲಾನ್ ಬರೀತೀವಿ ಅನ್ನಿ, ಕ್ಲೈಂಟ್ ಮಾತಲ್ಲೇ, ಸಾಧ್ಯ ಆದ್ರೆ ಅವರ ಕೈಯಲ್ಲೇ ಬರೆಸಿ: ಕೆಟ್ಟ ಹೊತ್ತು ಬರ್ತಿದೆ ಅಂತ ಹೇಗೆ ಗೊತ್ತಾಗುತ್ತೆ, ಒಬ್ರೇ ಇದ್ದಾಗ ಏನ್ ಮಾಡ್ಬಹುದು, ಮನಸ್ಸು ಬೇರೆ ಕಡೆ ತಿರುಗೋಕೆ ಎಲ್ಲಿಗೆ ಹೋಗ್ಬಹುದು, ಯಾರ ಹತ್ರ ಸಹಾಯ ಕೇಳ್ಬಹುದು, ಯಾವ ಡಾಕ್ಟರ್, ಯಾವ ನಂಬರ್, ಕೊನೆಗೆ ಮನೆ ಸುರಕ್ಷಿತ ಮಾಡೋದು. ಹೊಲ ಇರೋ ಮನೆ ಆದ್ರೆ ಕ್ರಿಮಿನಾಶಕ ಮನೇಲಿ ಇರ್ಲೇಬಾರ್ದು, ಆಗಲ್ಲ ಅಂದ್ರೆ ಬೇರೆಯವರ ಹತ್ರ ಬೀಗದಲ್ಲಿ ಇಡಿಸ್ತೀನಿ ಅನ್ನಿ. ಇದನ್ನ ಹೇಳೋರು ಕಮ್ಮಿ, ಹಳ್ಳಿ ಕಡೆ ಜೀವ ಉಳಿಸೋ ಮಾತು ಇದು.

ರಿಸ್ಕ್ ಜಾಸ್ತಿ ಇದ್ರೆ ಒಬ್ಬರನ್ನೇ ಬಿಡಲ್ಲ, ಸೂಪರ್‌ವೈಸರ್‌ಗೆ ತಿಳಿಸ್ತೀನಿ, ಸೈಕಿಯಾಟ್ರಿಸ್ಟ್ ಹತ್ರ ಜೊತೇಲಿ ಕಳಿಸ್ತೀನಿ, ಎಲ್ಲಾ ಬರೆದಿಡ್ತೀನಿ, ಮಾರನೇ ದಿನ ಫೋನ್ ಮಾಡ್ತೀನಿ. ಜಿಲ್ಲಾಸ್ಪತ್ರೆ ಮನೋವೈದ್ಯ ವಿಭಾಗ, ತುರ್ತಿಗೆ 112, ಮತ್ತೆ 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಬಾಯಲ್ಲಿ ಸರಾಗವಾಗಿ ಬರ್ಬೇಕು. ಟೆಲಿ ಮಾನಸ್‌ನಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡ್ಬಹುದು, ಇದನ್ನ ಓದ್ತಿರೋ ನಿಮಗೇ ಮನಸ್ಸು ಭಾರ ಆಗಿದ್ರೂ ಅದೇ ನಂಬರ್.

ಇಂಥ ಕೇಸ್ ನೋಡಿಲ್ಲ ಅಂದ್ರೆ ನೋಡಿಲ್ಲ ಅಂತಾನೇ ಹೇಳಿ. ನೋಡಿದ್ರೆ ಊರು, ಕಾಲೇಜು, ವಯಸ್ಸು ಬದಲಾಯಿಸಿ ಹೇಳಿ, ಅದನ್ನೂ ಅವರು ಗಮನಿಸ್ತಿರ್ತಾರೆ.

ಕೊನೆಗೆ "ನಿಮ್ಮದೇನಾದ್ರೂ ಪ್ರಶ್ನೆ?" ಅಂದಾಗ ಸಂಬಳ ಕೇಳೋ ಮುಂಚೆ, ಇಂಥ ಕೇಸ್ ಬಂದ್ರೆ ಇಲ್ಲಿ ಪ್ರೋಟೋಕಾಲ್ ಏನು, ರಾತ್ರಿ ಹೊತ್ತು ನಾನು ಯಾರಿಗೆ ಫೋನ್ ಮಾಡ್ಬೇಕು ಅಂತ ಕೇಳಿ. "ನೀವೇ ನೋಡ್ಕೊಳ್ಬೇಕು" ಅಂತ ಉತ್ತರ ಬಂದ್ರೆ ನನ್ನ ಪ್ರಕಾರ ಆ ಕೆಲಸ ಒಪ್ಕೊಳ್ಳೋ ಮುಂಚೆ ಚೆನ್ನಾಗಿ ಯೋಚಿಸಿ, ಒಬ್ಬರೇ ಹೊರೋ ಕೆಲಸ ಅಲ್ಲ ಇದು.