14ರಿಂದ 19ಕ್ಕೆ: ನನ್ನ ಹಳೇ ಆಲ್ಟೊ

ನನ್ನ ಆಲ್ಟೊ 2006ರ ಮಾಡೆಲ್. 796 ಸಿಸಿ, ಮೂರು ಸಿಲಿಂಡರ್. ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಬದಿಯಡ್ಕ, ಸೀತಾಂಗೋಳಿ ದಾಟಿ ಕುಂಬಳೆಗೆ ದಿನಾ ಶಾಲೆಗೆ ಹೋಗಿ ಬರುತ್ತೇನೆ. ಎರಡೂ ಸೇರಿ ಸುಮಾರು 50 ಕಿಲೋಮೀಟರ್. ಎರಡು ವರ್ಷದ ಹಿಂದೆ ಅದರ ಮೈಲೇಜು ಲೀಟರಿಗೆ 14ಕ್ಕೆ ಇಳಿದಿತ್ತು. ಈಗ 19ರ ಆಸುಪಾಸಿನಲ್ಲಿದೆ. ಮಾರಲು ಮನಸ್ಸು ಬಾರದೆ ಹಳೇ ಕಾರನ್ನೇ ಓಡಿಸುವವರು ನಮ್ಮ ಕಡೆ ಜಾಸ್ತಿ. ಅವರಿಗೆ ಉಪಯೋಗವಾದೀತು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದು ಅಳತೆ. ಟ್ಯಾಂಕ್ ಫುಲ್ ಮಾಡಿಸಿ ಮೀಟರ್ ಬರೆದಿಟ್ಟುಕೊಳ್ಳುವುದು, ಮುಂದಿನ ಸಲ ಮತ್ತೆ ಫುಲ್ ಮಾಡಿಸಿ ಭಾಗಿಸುವುದು. ಪಂಪು ತಾನಾಗಿ ನಿಂತಲ್ಲಿಗೆ ಸಾಕು, ಮೇಲೆ ಒತ್ತಿ ತುಂಬಿಸಬಾರದು. ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಪೆಟ್ರೋಲಿಗೆ ರೇಟು ಕಡಿಮೆ, ಹಾಗಾಗಿ ನಮ್ಮವರು ಎಲ್ಲಿ ಸಿಕ್ಕಿತೋ ಅಲ್ಲಿ ಸ್ವಲ್ಪ ಸ್ವಲ್ಪ ಹಾಕಿಸುತ್ತಾರೆ. ಲೆಕ್ಕ ತಪ್ಪುವುದೇ ಅಲ್ಲಿ. ನಾನು ಒಂದೇ ಬಂಕು ಹಿಡಿದೆ. ಒಂದು ಟ್ಯಾಂಕಿನ ಲೆಕ್ಕ ನಂಬಲಿಲ್ಲ, ಮೂರರ ಸರಾಸರಿ ತೆಗೆದೆ. 14.1 ಬಂತು.

ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆ. ಮೂರೂ ಒಲೆಯ ಮೇಲಿಟ್ಟ ಪಾತ್ರೆಯ ತಳದ ಹಾಗೆ ಮಸಿ. ಬೆರಳಿಗೆ ಕಪ್ಪಾಗಿ ಅಂಟಿತು. ಎಂಜಿನ್ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಕುಡಿಯುತ್ತಿದೆ ಅನ್ನುವುದು ಖಾತ್ರಿಯಾಯಿತು. ಇನ್ನೊಂದು ವಿಷಯವೂ ಆಗ ನೆನಪಾಯಿತು. ಮಳೆಗಾಲದಲ್ಲಿ ಟೆಂಪರೇಚರ್ ಮುಳ್ಳು ಕುಂಬಳೆ ಮುಟ್ಟುವವರೆಗೂ ಕೆಳಗೇ ಇರುತ್ತಿತ್ತು. ಕಾರು ಹೀಟ್ ಆಗುವುದಿಲ್ಲ ಅಂತ ನಾನು ಖುಷಿಪಟ್ಟಿದ್ದೆ.

ಥರ್ಮೋಸ್ಟಾಟ್ ಇರುವ ಮುಚ್ಚಳ ಬಿಚ್ಚಿಸಿದೆ. ಒಳಗೆ ವಾಲ್ವ್ ಇಲ್ಲವೇ ಇಲ್ಲ. ಹಿಂದೆ ಯಾವಾಗಲೋ ಯಾರೋ ತೆಗೆದು ಹಾಕಿದ್ದಾರೆ. ಮೆಕ್ಯಾನಿಕ್ ಹೇಳಿದ, "ಮಾಷ್ಟ್ರೇ, ಈ ಸೆಕೆಗೆ ಅದು ಬೇಡ ಅಂತ ತುಂಬಾ ಕಡೆ ತೆಗೀತಾರೆ. ನಿಮಗೆ ಬೇಕಾದ್ರೆ ಹೊಸತು ಹಾಕುವ." ಬೇಕೇ ಬೇಕು ಅಂದೆ.

ಯಾಕೆ ಅಂದರೆ, ಆ ವಾಲ್ವ್ ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡುವುದಿಲ್ಲ. ಅದಿಲ್ಲದಿದ್ದರೆ ನೀರು ಮೊದಲಿಂದಲೇ ರೇಡಿಯೇಟರ್ ಸುತ್ತುತ್ತದೆ, ಎಂಜಿನ್ ಬೇಕಾದಷ್ಟು ಬಿಸಿಯಾಗುವುದೇ ಇಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಅಂತ ಸೆನ್ಸರ್ ಹೇಳುತ್ತಾ ಇರುತ್ತದೆ. ಅದನ್ನು ನಂಬಿ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಆಯಿಲ್ ಕೂಡ ತೆಳ್ಳಗಾಗುವುದಿಲ್ಲ, ಎಂಜಿನ್ ತಿರುಗುವುದೂ ಭಾರ.

ಹೊಸ ವಾಲ್ವನ್ನು ಮನೆಗೆ ತಂದು ಪರೀಕ್ಷೆ ಮಾಡಿದೆ. ಅದರ ಮೇಲೆ 82 ಅಂತ ಒತ್ತಿತ್ತು, ಅಂದರೆ 82 ಡಿಗ್ರಿಗೆ ತೆರೆಯಬೇಕು. ಹಳೇ ಪಾತ್ರೆಯಲ್ಲಿ ನೀರಿಟ್ಟು, ವಾಲ್ವಿಗೆ ನೂಲು ಕಟ್ಟಿ ಇಳಿಬಿಟ್ಟು, ಶಾಲೆಯ ಲ್ಯಾಬಿನ ಥರ್ಮಾಮೀಟರ್ ಹಿಡಿದು ಕೂತೆ. 70 ದಾಟಿತು, ಏನೂ ಇಲ್ಲ. 80, ಏನೂ ಇಲ್ಲ. 83ರ ಹತ್ತಿರ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಕಾಣಿಸಿತು. ನೋಡ್ತಾ ನೋಡ್ತಾ ಅಗಲವಾಯಿತು. ಒಳಗಿನ ಮೇಣ ಬಿಸಿಗೆ ಉಬ್ಬಿ ವಾಲ್ವನ್ನು ತಳ್ಳುವುದು ಅಷ್ಟೇ. ಎಷ್ಟು ಚಂದದ ಕೆಲಸ! ಮರುದಿನ ಹಾಕಿಸಿದೆ, ಕೂಲೆಂಟನ್ನೂ ಬದಲಿಸಿದೆ. ಮುಂದಿನ ಮೂರು ಟ್ಯಾಂಕಿನ ಸರಾಸರಿ 16.6. ಪ್ಲಗ್ ಬಿಚ್ಚಿದರೆ ಬಿಸ್ಕತ್ತಿನ ಬಣ್ಣ, ಪೆಟ್ರೋಲ್ ಸರಿಯಾಗಿ ಉರಿಯುತ್ತಿದೆ ಅಂತ ಅರ್ಥ.

ಎರಡನೆಯದು ಬ್ರೇಕು. ಒಂದು ದಿನ ಮನೆ ಮುಟ್ಟಿದ ಮೇಲೆ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿದೆ. ಮುಂದಿನ ಎಡಗಡೆಯದು ಮಾತ್ರ ಸುಡುತ್ತಿತ್ತು. ಬ್ರೇಕ್ ಪ್ಯಾಡನ್ನು ಹಿಡಿದಿರುವ ಕ್ಯಾಲಿಪರಿನ ಪಿನ್ನು ತುಕ್ಕು ಹಿಡಿದು ಪ್ಯಾಡು ಹಿಂದೆ ಸರಿಯುತ್ತಿರಲಿಲ್ಲ. ನಮ್ಮ ಮಳೆ, ಕೆಂಪು ಮಣ್ಣು ಎರಡೂ ಸೇರಿದರೆ ಹೀಗಾಗುತ್ತದೆ. ತೊಳೆದು ಗ್ರೀಸ್ ಹಾಕಿಸಿದೆ. ಮೊದಲು ಶಾಲೆಯ ಮೈದಾನದಲ್ಲಿ ಕಾರು ತಳ್ಳಲು ಇಬ್ಬರು ಬೇಕಿತ್ತು, ಈಗ ನಾನೊಬ್ಬನೇ ಸಾಕು.

ನನಗಿಂತ ಮೊದಲಿದ್ದವರು ಅಲಾಯ್ ಚಕ್ರ ಹಾಕಿ ಅಗಲದ ಟಯರ್ ಕೂರಿಸಿದ್ದರು. ಅದನ್ನು ಕೊಟ್ಟು ಕಂಪನಿಯ 145/80 ಆರ್ 12 ಟಯರಿಗೇ ಬಂದೆ. ಗಾಳಿ ವಾರಕ್ಕೊಮ್ಮೆ, ಬೆಳಿಗ್ಗೆ ಟಯರ್ ತಣ್ಣಗಿರುವಾಗ. ಡಿಕ್ಕಿಯಲ್ಲಿ ಮೈಲುತುತ್ತಿನ ಚೀಲ, ಸುಣ್ಣ, ಸ್ಪ್ರೇ ಪೈಪು ಎಲ್ಲ ಇತ್ತು. ಅಡಿಕೆ ತೂಗುವ ತಕ್ಕಡಿಯಲ್ಲಿಟ್ಟರೆ 31 ಕಿಲೋ! ದಿನಾ ಚಡಾವು ಹತ್ತಿಸುತ್ತಿದ್ದೆನಲ್ಲ ಅದನ್ನು. ಮೇಲಿನ ಕ್ಯಾರಿಯರನ್ನೂ ತೆಗೆದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. 40ರಲ್ಲಿ ಇದ್ದದ್ದು 80ರಲ್ಲಿ ನಾಲ್ಕು ಪಟ್ಟು. ಊರಿನ ತಿರುವು ರಸ್ತೆಯಲ್ಲಿ ಗೊತ್ತಾಗಲಿಕ್ಕಿಲ್ಲ, ಆದರೆ ಹೆದ್ದಾರಿ 66ರಲ್ಲಿ ಮಂಗಳೂರಿಗೆ ಹೋಗುವಾಗ ವ್ಯತ್ಯಾಸ ಕಾಣುತ್ತದೆ.

ಹೊಸದಾಗಿ ಸೇರಿಸಿದ್ದು ಒಂದೇ, ವ್ಯಾಕ್ಯೂಮ್ ಗೇಜ್. ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ (ಇನ್‌ಟೇಕ್ ಮ್ಯಾನಿಫೋಲ್ಡ್) ಒತ್ತಡ ಹೊರಗಿನದಕ್ಕಿಂತ ಎಷ್ಟು ಕಡಿಮೆ ಅಂತ ಅದು ತೋರಿಸುತ್ತದೆ. ಮುಳ್ಳು ಕೆಳಗಿಳಿದಷ್ಟೂ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಂತ ಅರ್ಥ. ಇನ್‌ಟೇಕ್ ಮ್ಯಾನಿಫೋಲ್ಡಿನ ಒಂದು ಸಣ್ಣ ಪೈಪಿಗೆ ಟೀ ಜಾಯಿಂಟ್ ಹಾಕಿ ಡ್ಯಾಶ್‌ಬೋರ್ಡಿಗೆ ಎಳೆದೆ. ಬ್ರೇಕಿಗೆ ಬಲ ಕೊಡುವ ಬೂಸ್ಟರಿನ ಪೈಪಿಗೂ, ಆ ಒತ್ತಡವನ್ನು ಅಳೆದು ಕಂಪ್ಯೂಟರಿಗೆ ಹೇಳುವ ಮ್ಯಾಪ್ ಸೆನ್ಸರಿನ ಪೈಪಿಗೂ ಕೈ ಹಾಕಬೇಡಿ. ಅಲ್ಲಿ ಲೀಕ್ ಆದರೆ ದೊಡ್ಡ ತೊಂದರೆ. ಐಡಲಿನಲ್ಲಿ ನನ್ನ ಮುಳ್ಳು 18ರಿಂದ 19 ಇಂಚಿನಲ್ಲಿ (ಪಾದರಸದ ಲೆಕ್ಕ) ಅಲ್ಲಾಡದೆ ನಿಲ್ಲುತ್ತದೆ. ಎಕ್ಸಲರೇಟರ್ ಪೂರ್ತಿ ಒತ್ತಿದರೆ ಸೊನ್ನೆಗೆ ಬೀಳುತ್ತದೆ. ಚಡಾವಿನಲ್ಲಿ 5ರಿಂದ ಕೆಳಗೆ ಹೋಗದ ಹಾಗೆ ನೋಡಿಕೊಳ್ಳುತ್ತೇನೆ. ಎಂಜಿನ್ ನಡುಗಲು ಶುರುವಾದರೆ ಮಾತ್ರ ಗೇರ್ ಇಳಿಸುವುದು. ಹದಿನೈದು ದಿನದಲ್ಲಿ ಕಾಲು ತಾನಾಗಿ ಹದಕ್ಕೆ ಬಂತು. ಈಗ ಮುಳ್ಳು ನೋಡುವುದೂ ಕಡಿಮೆ.

ಒಂದು ಮಾತು ಒತ್ತಿ ಹೇಳಲೇಬೇಕು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಡುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ. ಕಾರ್ಬೊರೇಟರಿನ ಕಾಲದಿಂದ ಬಂದದ್ದು. ಎಂಪಿಎಫ್‌ಐ ಕಾರಿನಲ್ಲಿ, ಅಂದರೆ ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಕಾರಿನಲ್ಲಿ, ಗೇರಿನಲ್ಲೇ ಇಟ್ಟು ಎಕ್ಸಲರೇಟರಿನಿಂದ ಕಾಲು ತೆಗೆದರೆ ಇಂಜೆಕ್ಟರ್ ಪೆಟ್ರೋಲನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್ ಮಾಡಿದರೆ ಐಡಲಿಗೆ ಬೇಕಾದಷ್ಟು ಕುಡಿಯುತ್ತಲೇ ಇರುತ್ತದೆ. ಎಂಜಿನ್ ಆಫ್ ಮಾಡುವುದಂತೂ ಬೇಡವೇ ಬೇಡ. ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕು ಕಲ್ಲಿನ ಹಾಗಾಗುತ್ತದೆ, ಕೀ ತೆಗೆದರೆ ಸ್ಟೇರಿಂಗ್ ಲಾಕ್ ಆಗುತ್ತದೆ.

ಫಲ ಕೊಡದ್ದೂ ಇದೆ. ಪೆಟ್ರೋಲ್ ಪೈಪಿಗೆ ಕಟ್ಟುವ ಮ್ಯಾಗ್ನೆಟ್ಟಿನಿಂದ ಮೂರು ಟ್ಯಾಂಕಿನಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ. ಗಾಳಿ ತಡೆಯಲೆಂದು ಗ್ರಿಲ್ಲಿಗೆ ಅರ್ಧ ಶೀಟು ಮುಚ್ಚಿದ್ದೆ. ಮಾರ್ಚಿನ ಸೆಕೆಗೆ ಫ್ಯಾನು ನಿಲ್ಲದೆ ತಿರುಗಿತು, ತೆಗೆದೆ. ಇನ್ನು ಬಾಡಿ ಬದಲಿಸುವ ಯೋಚನೆ ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದಕ್ಕೆ ಬಿಡುವುದಿಲ್ಲ.

ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇದೆ. ಎಥನಾಲಿಗೆ ಪೆಟ್ರೋಲಿಗಿಂತ ಮೂರರಲ್ಲಿ ಒಂದು ಪಾಲು ಶಕ್ತಿ ಕಡಿಮೆ. ಹಾಗಾಗಿ ಕಾರು ಎಷ್ಟೇ ಸರಿಯಿದ್ದರೂ ಸ್ವಲ್ಪ ಮೈಲೇಜು ಹೋಗಿಯೇ ಹೋಗುತ್ತದೆ. ನನ್ನ ಕಾರಿನ ಹಳೇ ರಬ್ಬರ್ ಪೈಪುಗಳು ಬಿರುಕು ಬಿಟ್ಟಿದ್ದವು, ಎಲ್ಲ ಬದಲಿಸಿದೆ. ಬಾನೆಟ್ ತೆರೆದಾಗ ಪೆಟ್ರೋಲ್ ವಾಸನೆ ಬಂದರೆ ನೀವೂ ತಡ ಮಾಡಬೇಡಿ.

ಕಳೆದ ಮೂರು ಟ್ಯಾಂಕಿನ ಸರಾಸರಿ 19.2. ಮಳೆ ಬಿಟ್ಟ ಮೇಲೆ ಹಿಂದಿನ ಡ್ರಮ್ ಬಿಚ್ಚಿ ಹ್ಯಾಂಡ್‌ಬ್ರೇಕ್ ಕೇಬಲ್ ನೋಡಬೇಕು. ಬಲಗಡೆಯ ಚಕ್ರ ಸ್ವಲ್ಪ ಬೆಚ್ಚಗಿರುತ್ತದೆ.