ಬಲಗೈಗೆ ಸೂಜಿ ಬೇಡ: ಸ್ಕ್ಯಾನ್ ಕೋಣೆಯಲ್ಲಿ ನಾನು ಕಲಿತದ್ದು

ಸಿರುಗುಪ್ಪದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಜಂಪರ್ ಹೊಲಿಯುವುದೇ ಜಾಸ್ತಿ. ಮೂರು ವರ್ಷದ ಹಿಂದೆ ಬಲಗಡೆ ಎದೆಯಲ್ಲಿ ಗಂಟು ಸಿಕ್ಕಿತು. ಆಪರೇಷನ್ ಆಯಿತು, ಕಂಕುಳಲ್ಲಿದ್ದ ಗ್ರಂಥಿಗಳನ್ನೂ ತೆಗೆದರು. ಮನೆಗೆ ಕಳಿಸುವಾಗ ಡಾಕ್ಟರ್ ಮೇಡಂ, "ಈ ಕೈಗೆ ಇನ್ನು ಸೂಜಿ ಹಾಕಿಸಬೇಡಿ, ಬಿಪಿ ಪಟ್ಟಿ ಕಟ್ಟಿಸಬೇಡಿ. ಬಾವು ಬಂದರೆ ಇಳಿಯೋದು ಕಷ್ಟ" ಎಂದರು. ಅದು ನಾನು ಕತ್ತರಿ ಹಿಡಿಯುವ ಕೈ. ಆ ಮಾತನ್ನು ನಾನು ಮರೆಯುವ ಹಾಗೇ ಇರಲಿಲ್ಲ.

ಉಳಿದದ್ದು ಎಡಗೈ. ಕೀಮೋ ಎಲ್ಲಾ ಅದಕ್ಕೇ. ನಾಲ್ಕನೇ ಕೀಮೋ ಮುಗಿಯುವ ಹೊತ್ತಿಗೆ ನರಗಳು ಗಟ್ಟಿಯಾಗಿ, ಮುಟ್ಟಿದರೆ ದಪ್ಪ ದಾರದ ಹಾಗೆ ಸಿಗುತ್ತಿದ್ದವು. ಸ್ಕ್ಯಾನ್ ಅಂದರೆ ಮಷೀನಿಗೆ ಹೆದರುತ್ತಾರೆ ಅಂತ ಎಲ್ಲರೂ ತಿಳಿದಿದ್ದಾರೆ. ನನಗೆ ಮಷೀನಿನ ಹೆದರಿಕೆ ಯಾವತ್ತೂ ಇರಲಿಲ್ಲ. ಅದಕ್ಕೂ ಮೊದಲು ಕುರ್ಚಿಯಲ್ಲಿ ಕೂರಿಸಿ, ಕೈ ತಟ್ಟಿ ತಟ್ಟಿ ನರ ಹುಡುಕುತ್ತಾರಲ್ಲ, ಆ ಹತ್ತು ನಿಮಿಷಕ್ಕೆ ಹಿಂದಿನ ರಾತ್ರಿಯೆಲ್ಲಾ ನಿದ್ದೆ ಬರುತ್ತಿರಲಿಲ್ಲ.

ಒಂದು ಸ್ಕ್ಯಾನ್ ಸೆಂಟರಿನಲ್ಲಿ ಆದದ್ದನ್ನು ಹೇಳುತ್ತೇನೆ. ಹೆಸರು ಬೇಡ. ಸಿಟಿ ಸ್ಕ್ಯಾನಿಗೆ ಹೋಗಿದ್ದೆ. ಸೂಜಿ ಹಾಕುವ ಹುಡುಗ ನೇರ ಬಲಗೈ ಹಿಡಿದ. "ಈ ಕೈ ಬೇಡ ತಮ್ಮಾ, ಆಪರೇಷನ್ ಆಗೇತಿ" ಎಂದೆ. "ಒಂದ್ ಸಲಕ್ಕ ಏನಾಗಲ್ಲ ಬಿಡ್ರಿ ಅಕ್ಕಾ" ಎಂದ. ಬೇಡವೇ ಬೇಡ ಎಂದಾಗ ಮುಖ ಗಂಟು ಹಾಕಿಕೊಂಡು ಎಡಗೈಗೆ ಬಂದ. ಮೂರು ಕಡೆ ಚುಚ್ಚಿದ. ಕೊನೆಗೆ ಮುಂಗೈಯ ಒಂದು ಸಣ್ಣ ನರದಲ್ಲಿ ಸೂಜಿ ಕೂರಿಸಿ, ಟೇಪ್ ಅಂಟಿಸಿ ಒಳಗೆ ಕಳಿಸಿದ.

ಸಿಟಿಯಲ್ಲಿ ಅಯೋಡಿನ್ ಇರುವ ಕಾಂಟ್ರಾಸ್ಟ್ ಔಷಧಿ ಕೊಡುತ್ತಾರೆ, ಚಿತ್ರದಲ್ಲಿ ಒಳಗಿನದು ಸ್ಪಷ್ಟವಾಗಿ ಕಾಣಲಿ ಅಂತ. ಕೈಯಿಂದ ಅಲ್ಲ, ಮಷೀನೇ ಜೋರಾಗಿ ಒತ್ತುತ್ತದೆ. "ಬಿಸಿ ಅನಿಸುತ್ತೆ, ಹೆದರಬೇಡಿ" ಅಂತ ಮೊದಲೇ ಹೇಳಿದ್ದರು. ಔಷಧಿ ಶುರುವಾದ ಕೂಡಲೇ ಮುಂಗೈ ಬೆಂಕಿ ಇಟ್ಟ ಹಾಗೆ ಉರಿಯಿತು. ಇದೇ ಆ ಬಿಸಿ ಇರಬೇಕು ಅಂದುಕೊಂಡು ಹಲ್ಲು ಕಚ್ಚಿ ಸುಮ್ನೆ ಮಲಗಿದೆ. ಹೊರಗೆ ಬಂದಾಗ ಮುಂಗೈ ಬನ್ನಿನ ಹಾಗೆ ಉಬ್ಬಿತ್ತು. ಔಷಧಿ ನರದೊಳಗೆ ಹೋಗದೆ ಚರ್ಮದ ಕೆಳಗೆ ಸೋರಿತ್ತು. ಹತ್ತಿ ಒತ್ತಿ, ಮುಂದಿನವರನ್ನು ಕರೆದರು. ಕೈ ಮೇಲೆತ್ತಿ ಇಡಿ, ತಣ್ಣನೆ ಬಟ್ಟೆ ಹಾಕಿ ಅಂತ ಹೇಳುವವರೂ ಇರಲಿಲ್ಲ. ಒಂದು ವಾರ ಆ ಕೈಯಲ್ಲಿ ಬಟ್ಟೆ ಒತ್ತಿ ಹಿಡಿಯಲಾಗಲಿಲ್ಲ. ಮದುವೆ ಸೀಸನ್. ಹಿಡಿದ ಬಟ್ಟೆಗಳನ್ನು ವಾಪಸ್ ಕೊಟ್ಟೆ. ಅದಕ್ಕೆ ಇವತ್ತಿಗೂ ಸಿಟ್ಟಿದೆ.

ಸರಿಯಾದ ಬಿಸಿ ಹೇಗಿರುತ್ತದೆ ಅಂತ ಮುಂದಿನ ಸಲ ಗೊತ್ತಾಯಿತು. ಅದು ಮೈಯೆಲ್ಲಾ ಹರಿಯುತ್ತದೆ. ಗಂಟಲು ಬೆಚ್ಚಗಾಗುತ್ತದೆ, ಬಾಯಿಯಲ್ಲಿ ಕಬ್ಬಿಣದ ರುಚಿ ಬರುತ್ತದೆ, ಮೂತ್ರ ಹೋಯಿತೇನೋ ಅನಿಸುತ್ತದೆ. ಅರೆಗಳಿಗೆಯಲ್ಲಿ ಇಳಿದುಹೋಗುತ್ತದೆ. ಸೂಜಿ ಹಾಕಿದ ಜಾಗದಲ್ಲೇ ಉರಿ, ನೋವು ಬಂದರೆ ಅದು ಬೇರೆ. ಆಗ ತಡೆದುಕೊಳ್ಳಬಾರದು, ಕೂಗಬೇಕು. ಒಳಗೆ ಮೈಕ್ ಇರುತ್ತದೆ, ಅವರಿಗೆ ಕೇಳಿಸುತ್ತದೆ.

ಆಮೇಲೆ ನಾನು ನನ್ನದೇ ದಾರಿ ಮಾಡಿಕೊಂಡೆ. ಸ್ಕ್ಯಾನಿನ ಹಿಂದಿನ ದಿನ ನೀರು ಚೆನ್ನಾಗಿ ಕುಡಿಯುತ್ತೇನೆ. ಸರದಿ ಬರುವ ಮುಂಚೆ ಬಿಸಿನೀರಿನ ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ ಎಡಗೈಯಲ್ಲಿ ಹಿಡಿದು, ಕೈ ಕೆಳಗೆ ಇಳಿಬಿಟ್ಟು ಕೂರುತ್ತೇನೆ. ನರ ಸ್ವಲ್ಪ ಎದ್ದು ಕಾಣುತ್ತದೆ. ಎರಡು ಸಲ ಚುಚ್ಚಿ ಆಗದಿದ್ದರೆ "ಸಿಸ್ಟರ್, ಅನುಭವ ಇರೋ ಬೇರೆಯವರನ್ನ ಕರೀರಿ" ಎನ್ನುತ್ತೇನೆ. ಮೊದಮೊದಲು ನಾಲಿಗೆ ಏಳುತ್ತಿರಲಿಲ್ಲ. ಮಷೀನ್ ಶುರು ಮಾಡುವ ಮೊದಲು ಸೋರುತ್ತದೋ ಅಂತ ಬರೀ ಸಲೈನ್ ಬಿಟ್ಟು ನೋಡಿ ಅಂತಲೂ ಕೇಳುತ್ತೇನೆ. ಎಷ್ಟೋ ಕಡೆ ಅವರೇ ನೋಡುತ್ತಾರೆ, ಆದರೂ ಕೇಳುತ್ತೇನೆ.

ಇನ್ನೊಂದು ಸಂಗತಿ ಆ ಗೌನು. ಹಿಂದೆ ತೆರೆದಿರುತ್ತದೆ, ಲಾಡಿ ಕಿತ್ತಿರುತ್ತದೆ. ಒಂದು ಕಡೆ ಎದೆ ಇಲ್ಲದ ಹೆಂಗಸು ಅದನ್ನು ಹಾಕಿಕೊಂಡು, ಗಂಡಸರು ಕೂತಿರುವ ವರಾಂಡದಲ್ಲಿ ನಡೆದು ಹೋಗಬೇಕು. ಎರಡು ಸಲ ಹೋದೆ. ಮೂರನೇ ಸಲಕ್ಕೆ ನನ್ನ ಅಂಗಿ ನಾನೇ ಹೊಲಿದುಕೊಂಡೆ. ಮೆತ್ತನೆ ಕಾಟನ್, ಮುಂದೆ ತೆರೆಯುವುದು. ಹುಕ್ಕಿಲ್ಲ, ಜಿಪ್ಪಿಲ್ಲ, ಲೋಹದ ಗುಂಡಿ ಇಲ್ಲ, ಎಲ್ಲಾ ಬಟ್ಟೆಯ ಲಾಡಿ. ಎಡತೋಳು ಹೆಗಲವರೆಗೂ ಬಿಚ್ಚುತ್ತದೆ, ಸೂಜಿ ಹಾಕಲು ಸಲೀಸು. ಬಲತೋಳಿನ ಮೇಲೆ ಕೆಂಪು ದಾರದಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೊಲಿದೆ: "ಸೂಜಿ ಬೇಡ, ಬಿಪಿ ಬೇಡ". ಅದನ್ನು ಹಾಕಿಕೊಂಡು ಹೋದ ಮೇಲೆ ಯಾರೂ ನನ್ನ ಬಲಗೈ ಮುಟ್ಟಿಲ್ಲ. ಲೋಹ ಇಲ್ಲ ಅಂತ ತೋರಿಸಿ, ಕೇಳಿಯೇ ಹಾಕಿಕೊಳ್ಳುತ್ತೇನೆ. ಎಂಆರ್‌ಐಗೆ ಮಾತ್ರ ಅವರದ್ದೇ ಗೌನು ಹಾಕಬೇಕು ಅಂದರೆ ವಾದ ಮಾಡುವುದಿಲ್ಲ. ಅಲ್ಲಿ ಕಾಲುಂಗುರವನ್ನೂ ಮನೆಯಲ್ಲೇ ಬಿಚ್ಚಿಟ್ಟು ಹೋಗುವುದು ಒಳ್ಳೆಯದು. ಅವಸರದಲ್ಲಿ ಎಳೆದರೆ ಬರುವುದಿಲ್ಲ.

ಪೆಟ್ ಸ್ಕ್ಯಾನಿಗೆ ಬೆಂಗಳೂರಿಗೆ ಬರೆದುಕೊಟ್ಟರು. ಬಳ್ಳಾರಿಯಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್, ಥರ್ಡ್ ಎಸಿಯಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗಿರುವ ಒಬ್ಬರಿಗೆ 75% ರಿಯಾಯಿತಿ. ಆಸ್ಪತ್ರೆಯಿಂದ ರೈಲ್ವೆ ಫಾರಂ ತುಂಬಿಸಿಕೊಂಡು ಬರಬೇಕು. ನನಗೆ ಇದು ಒಂದು ವರ್ಷ ಗೊತ್ತೇ ಇರಲಿಲ್ಲ, ಯಾರೂ ಹೇಳಲೂ ಇಲ್ಲ.

ಪೆಟ್‌ಗೆ ಕೊಡುವುದು ವಿಕಿರಣ ಬೆರೆಸಿದ ಸಕ್ಕರೆ. ಕ್ಯಾನ್ಸರ್ ಇದ್ದ ಜಾಗ ಅದನ್ನು ಜಾಸ್ತಿ ಎಳೆದುಕೊಂಡು ಚಿತ್ರದಲ್ಲಿ ಎದ್ದು ಕಾಣುತ್ತದೆ. ಆ ವಿಕಿರಣ 110 ನಿಮಿಷಕ್ಕೆ ಅರ್ಧ ಶಕ್ತಿ ಕಳೆದುಕೊಳ್ಳುತ್ತದೆ, ಹಾಗಾಗಿ ತಂದಿಟ್ಟುಕೊಳ್ಳಲು ಆಗುವುದಿಲ್ಲ. ಒಮ್ಮೆ ಅವತ್ತಿನ ಔಷಧಿ ತಡವಾಯಿತು. ಖಾಲಿ ಹೊಟ್ಟೆಯಲ್ಲಿ ಮಧ್ಯಾಹ್ನದವರೆಗೂ ಕೂತೆ. ಬರೀ ನೀರು ಕುಡಿಯಬಹುದಿತ್ತು, ಅದನ್ನೂ ನಾನೇ ಕೇಳಿ ತಿಳಿದುಕೊಂಡೆ. ಕೆಲಸ ಮಾಡಿದ ಸ್ನಾಯುಗಳು ಸಕ್ಕರೆ ಎಳೆದುಕೊಳ್ಳುತ್ತವೆ, ಚಿತ್ರ ಕೆಡುತ್ತದೆ. ಅದಕ್ಕೆ ಹಿಂದಿನ ದಿನ ಕಾಲ್ಮಷೀನ್ ತುಳಿಯಬೇಡಿ ಎಂದರು. ಸೂಜಿ ಆದ ಮೇಲೆ ಸುಮಾರು ಒಂದು ಗಂಟೆ ಮಾತಿಲ್ಲದೆ ಮಲಗಬೇಕು. ಎಸಿ ಕೋಣೆ, ಚಳಿ. ನಾನೀಗ ರಗ್ಗು ತಗೊಂಡೇ ಹೋಗುತ್ತೇನೆ. ಚಳಿಯಾದರೂ ಚಿತ್ರ ಕೆಡುತ್ತದಂತೆ. ನಮ್ಮ ಸೊಸೆ ಆಗ ಬಸುರಿ. ಅವತ್ತು ಬಸುರಿಯರಿಂದ, ಸಣ್ಣ ಮಕ್ಕಳಿಂದ ದೂರ ಇರಿ ಎಂದಿದ್ದರು. ರಾತ್ರಿ ರೈಲಿನಲ್ಲೂ ಮಗು ಇದ್ದ ಸೀಟು ಬಿಟ್ಟು ಆಚೆ ಕೂತೆ.

ರಿಪೋರ್ಟನ್ನು ಈಗ ನಾನು ರೈಲಿನಲ್ಲಿ ತೆರೆಯುವುದಿಲ್ಲ. ಒಮ್ಮೆ ತೆರೆದಿದ್ದೆ. ಶ್ವಾಸಕೋಶದಲ್ಲಿ ನೋಡ್ಯೂಲ್, ಅಂದರೆ ಸಣ್ಣ ಗಂಟು, ಅಂತ ಇತ್ತು. ಗುಂತಕಲ್ ದಾಟುವವರೆಗೂ ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ನಾಲ್ಕು ದಿನ ಬಿಟ್ಟು ಡಾಕ್ಟರ್ ಹಳೇ ಸಿ.ಡಿ. ಹಾಕಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಹಳೇ ಸೋಂಕಿನ ಗುರುತು, ಮೊದಲಿನಷ್ಟೇ ಇದೆ ಎಂದರು. ಹಳೇ ಸಿ.ಡಿ. ಇಲ್ಲದಿದ್ದರೆ ಇನ್ನೊಂದು ಸ್ಕ್ಯಾನ್ ಆಗುತ್ತಿತ್ತು ಅಲ್ವಾ? ಅವತ್ತೇ 14 ಇಂಚು ಅಗಲ 17 ಇಂಚು ಉದ್ದದ ಫಿಲ್ಮ್ ಮಡಚದೆ ಹಿಡಿಯುವ ಚೀಲ ಹೊಲಿದೆ, ಒಳಗೆ ಸಿ.ಡಿ.ಗೆ ಬೇರೆ ಜೇಬು.

ವಾರ್ಡಿನಲ್ಲಿ ಪರಿಚಯವಾದವರು ಅಂಗಿ ನೋಡಿ ನಮಗೂ ಬೇಕು ಎನ್ನುತ್ತಾರೆ. ಸಿಂಧನೂರಿನವರಿಗೆ ಎರಡು, ಕಂಪ್ಲಿಯವರೊಬ್ಬರಿಗೆ ಒಂದು ಕೊಟ್ಟೆ. ಬಟ್ಟೆ ಅವರದ್ದು, ಹೊಲಿಗೆಗೆ ದುಡ್ಡು ತಗೊಳ್ಳುವುದಿಲ್ಲ. ಅಕ್ಷರ ಯಾವ ತೋಳಿಗೆ ಅಂತ ಮಾತ್ರ ಎರಡೆರಡು ಸಲ ಕೇಳಿ ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ.