ವಿಲೀನದ ಸುದ್ದಿ ಓದುವುದು ಹೇಗೆ?

ಎರಡು ದೊಡ್ಡ ಕಂಪನಿ ಒಂದಾದ ಸುದ್ದಿ ಬಂದರೆ ಜಾಸ್ತಿ ಜನ ನೇರ ಷೇರಿನ ಬೆಲೆ ನೋಡುತ್ತಾರೆ. ಸಂಗೀತ ಕಾರ್ಯಕ್ರಮದ ಕಂಪನಿಗಳಾದರೆ ಟಿಕೆಟ್ ಶುಲ್ಕಕ್ಕೆ ಬೈದು ಸುಮ್ಮನಾಗುತ್ತಾರೆ. ಪೈಪೋಟಿಗೆ ಏಟು ಬಿದ್ದಿದ್ದು ಎಲ್ಲಿ ಅನ್ನೋದು ಹಾಗೆ ಓದಿದರೆ ತಿಳಿಯುವುದಿಲ್ಲ. ಅಮೆರಿಕದ ಲೈವ್ ನೇಷನ್ ಮತ್ತು ಟಿಕೆಟ್‌ಮಾಸ್ಟರ್ ಕಥೆಯನ್ನೇ ಇಟ್ಟುಕೊಂಡು ನೋಡೋಣ.

ಮೊದಲು, ಯಾರ ದಂಧೆ ಏನು? ಲೈವ್ ನೇಷನ್ ಕಾರ್ಯಕ್ರಮ ಆಯೋಜಿಸುತ್ತಿತ್ತು, ಟಿಕೆಟ್‌ಮಾಸ್ಟರ್ ಟಿಕೆಟ್ ಮಾರುತ್ತಿತ್ತು. ಆದರೆ 2009ರಲ್ಲಿ ವಿಲೀನ ಘೋಷಣೆಯಾಗುವ ಸ್ವಲ್ಪ ಮುಂಚೆ ಲೈವ್ ನೇಷನ್ ತಾನೇ ಟಿಕೆಟ್ ಮಾರಲು ಇಳಿದಿತ್ತು. ಅಂದರೆ ಹೊಸ ಎದುರಾಳಿಯೊಬ್ಬ ಆಟ ಶುರುವಾಗುವಷ್ಟರಲ್ಲೇ ಮಾಯ.

ಎರಡನೆಯದು, ಎಲ್ಲರೂ ಎಡವುವ ಹೆಜ್ಜೆ. ಇಲ್ಲಿ ನಿಧಾನ ಮಾಡಿ. ಟಿಕೆಟ್ ಕಂಪನಿಯ ನಿಜವಾದ ಗಿರಾಕಿ ನೀವಲ್ಲ, ಸಭಾಂಗಣದ ಮಾಲೀಕ. ಅವನ ಜೊತೆ ವರ್ಷಗಟ್ಟಲೆಯ ಒಪ್ಪಂದ, ಅದೂ ಒಬ್ಬರ ಜೊತೆ ಮಾತ್ರ. ನೀವು ಕೊಡುವ ಶುಲ್ಕದಲ್ಲಿ ಅವನಿಗೂ ಪಾಲಿದೆ. ಹಾಗಾಗಿ ಶುಲ್ಕ ಇಳಿಸಬೇಕು ಅನ್ನೋ ಅವಸರ ಅವನಿಗೂ ಇರೋದಿಲ್ಲ. ಈಗ ಆ ಮಾಲೀಕನ ಜಾಗದಲ್ಲಿ ನಿಂತು ಯೋಚಿಸಿ. ಬೇರೆ ಟಿಕೆಟ್ ಕಂಪನಿಗೆ ಹೋಗಬೇಕು ಅಂತಿದ್ದೀರಿ. ಆದರೆ ದೊಡ್ಡ ಕಲಾವಿದರ ಪ್ರವಾಸ ನಡೆಸುವವರು ಈಗಿನ ಟಿಕೆಟ್ ಕಂಪನಿಯ ಮನೆಯವರೇ. ಮುಂದಿನ ವರ್ಷ ಕಾರ್ಯಕ್ರಮ ಬರದಿದ್ದರೆ? ಯಾರೂ ಬಾಯಿಬಿಟ್ಟು ಬೆದರಿಸಬೇಕಿಲ್ಲ, ಭಯವೇ ಸಾಕು ಅಲ್ವಾ?

ಅಂದಹಾಗೆ, ಕಂಪನಿಯ ಪ್ರಕಟಣೆಯಲ್ಲಿ 'ಅಭಿಮಾನಿಗಳಿಗೆ ಅನುಕೂಲ' ಎಂಬ ಸಾಲು ಇದ್ದೇ ಇರುತ್ತದೆ. ದಾಟಿ ಹೋಗಿ.

ಮುಂದೆ, ಸರ್ಕಾರದ ಷರತ್ತು ಓದಿ. ಕಂಪನಿಯ ಒಂದು ಭಾಗ ಮಾರಿಸಿದರೆ ನಂಬಬಹುದು. 'ಹೀಗೆ ಮಾಡಬೇಡಿ' ಎಂಬ ಷರತ್ತನ್ನು ನಾನಂತೂ ನಂಬಲ್ಲ. 2010ರಲ್ಲಿ ಸರ್ಕಾರ ಈ ವಿಲೀನಕ್ಕೆ ಒಪ್ಪಿದಾಗ ಎರಡೂ ಬಗೆಯ ಷರತ್ತು ಇದ್ದವು. ಪ್ಯಾಸಿಯೊಲನ್ ಎಂಬ ಟಿಕೆಟ್ ವ್ಯವಹಾರವನ್ನು ಮಾರಬೇಕಾಯಿತು. ಎದುರಾಳಿ ಟಿಕೆಟ್ ಕಂಪನಿ ಆರಿಸಿದ ಸಭಾಂಗಣದ ಮೇಲೆ ಸೇಡು ತೀರಿಸಬಾರದು ಎಂದೂ ಹೇಳಿದ್ದರು. ಹತ್ತು ವರ್ಷದ ಈ ಷರತ್ತನ್ನು ಮುರಿದಿದ್ದಾರೆ ಎಂದು 2019ರಲ್ಲಿ ನ್ಯಾಯ ಇಲಾಖೆಯೇ ಹೇಳಿ, ಅವಧಿಯನ್ನು ಐದೂವರೆ ವರ್ಷ ಎಳೆಯಿತು. 2024ರ ಮೇನಲ್ಲಿ ಎರಡೂ ಕಂಪನಿಗಳನ್ನು ಬೇರೆ ಮಾಡಿ ಎಂದು ಮೊಕದ್ದಮೆಯನ್ನೂ ಹೂಡಿತು.

ಕೊನೆಗೆ ಶೇಕಡಾ ಲೆಕ್ಕ. ಟಿಕೆಟ್ ಮಾರಾಟದ ಸುಮಾರು ಶೇ 80 ಟಿಕೆಟ್‌ಮಾಸ್ಟರ್ ಕೈಲಿದೆ ಎಂಬುದು ಆ ಮೊಕದ್ದಮೆಯಲ್ಲಿ ಇಲಾಖೆಯ ವಾದವಾಗಿತ್ತು. ಆದರೆ ಅದು ದೊಡ್ಡ ಸಂಗೀತ ಸಭಾಂಗಣಗಳ ಲೆಕ್ಕ. ಸಣ್ಣ ಕ್ಲಬ್‌ಗಳನ್ನೂ ಸೇರಿಸಿದರೆ ಅಂಕಿ ಬೇರೆಯಾಗುತ್ತದೆ. ವಕೀಲರು ಹೆಚ್ಚು ಗುದ್ದಾಡುವುದೂ ಇದಕ್ಕೇ. ಅದಕ್ಕೇ ಶೇಕಡಾ ಕಂಡ ಕೂಡಲೇ 'ಯಾವುದರಲ್ಲಿ?' ಎಂದು ಕೇಳಿ, ಆಮೇಲೆ ಮುಂದಿನ ಸಾಲು ಓದಿ.